ಮಾತು ಕೇಳೋ ಡಾಕ್ಟರ್: ಗಿರೀಂದ್ರಶೇಖರ ಬೋಸ್

ಈ ಸಲದ ಜೀವನಚಿತ್ರಕ್ಕೆ ವಿಶ್ವೇಶ್ವರಯ್ಯನವರನ್ನ ಬಿಟ್ಟು ಬೇರೆ ಯಾರನ್ನಾದ್ರೂ ಆರಿಸಿ ಅಂತ ನಮ್ಮ ಕ್ಲಬ್‌ನಲ್ಲಿ ಮೊದಲೇ ತೀರ್ಮಾನ ಆಗಿತ್ತು. ಕಲಾಂ ಅವರದ್ದೂ ಆಗಿಹೋಗಿದೆ. ಯಾರ ಬಗ್ಗೆ ಬರೆಯೋದು ಅಂತ ಯೋಚಿಸ್ತಾ ಇದ್ದಾಗ ಮಾಗಡಿಯಿಂದ ಬರೋ ನಮ್ಮ ಕ್ಲಾಸ್‌ಮೇಟ್ ಒಬ್ಬ ಮನೆ ವಿಷಯ ಹೇಳಿದ. ಅವನ ಅಕ್ಕ ಸೈಕಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾರೆ. ಈಗ ಊರಿನಲ್ಲೇ ಒಂದು ರೂಮ್ ಬಾಡಿಗೆಗೆ ತಗೊಂಡು ಆಪ್ತಸಮಾಲೋಚನೆ ಶುರು ಮಾಡ್ಬೇಕು ಅಂತ ಅವರ ಆಸೆ. ಮನೆಯಲ್ಲಿ ಯಾರಿಗೂ ಇಷ್ಟ ಇಲ್ಲ. ಬರೀ ಮಾತಾಡೋದಕ್ಕೆ ಮಾಗಡಿಯಲ್ಲಿ ಯಾರು ದುಡ್ಡು ಕೊಡ್ತಾರೆ ಅನ್ನೋದು ಅವರಪ್ಪನ ಪ್ರಶ್ನೆ. ಆ ಮೆಟ್ಟಿಲು ಹತ್ತಿದವರ ಹೆಸರು ಸಂಜೆಯೊಳಗೆ ಪೇಟೆಗೆಲ್ಲಾ ಗೊತ್ತಾಗುತ್ತಲ್ಲ, ಆಮೇಲೆ ಯಾರು ಬರ್ತಾರೆ ಅನ್ನೋದು ಅಮ್ಮನ ಪ್ರಶ್ನೆ.

ಎರಡೂ ಸರಿಯಾದ ಪ್ರಶ್ನೆಗಳೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಊರಿನವರು ನಮ್ಮ ಕ್ಲಬ್‌ನಲ್ಲಿದ್ದೇವೆ. ಹಲ್ಲಿನ ಡಾಕ್ಟರ್ ಬೋರ್ಡ್, ಮೂಳೆ ಡಾಕ್ಟರ್ ಬೋರ್ಡ್ ನಮ್ಮ ಬೀದಿಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ಮನಸ್ಸಿನ ಮಾತು ಕೇಳ್ತೀವಿ ಅನ್ನೋ ಬೋರ್ಡ್ ನೋಡಿದ ನೆನಪು ಯಾರಿಗೂ ಚೆನ್ನಾಗಿ ಇಲ್ಲ. ಹಾಗಾದ್ರೆ ನಮ್ಮ ದೇಶದಲ್ಲಿ ಇಂಥ ಬೋರ್ಡ್ ಮೊದಲು ಹಾಕಿದವರು ಹೇಗೆ ಶುರು ಮಾಡಿದ್ರು, ಹೊಟ್ಟೆಗೇನು ಮಾಡಿದ್ರು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದವರು ಕಲ್ಕತ್ತದ ಡಾ. ಗಿರೀಂದ್ರಶೇಖರ ಬೋಸ್. ಸೈಕಾಲಜಿ ಓದಿದವರಿಗೆಲ್ಲಾ ಗೊತ್ತಿರೋ ಹೆಸರು. ನಮಗೆ, ಅಂದ್ರೆ ಮೆಕ್ಯಾನಿಕಲ್ಲು ಇ.ಸಿ. ಓದ್ತಾ ಇರೋರಿಗೆ, ಜಗದೀಶ್ಚಂದ್ರ ಬೋಸ್ ಗೊತ್ತು, ಸತ್ಯೇಂದ್ರನಾಥ ಬೋಸ್ ಗೊತ್ತು, ಸುಭಾಷರು ಗೊತ್ತು. ಈ ನಾಲ್ಕನೇ ಬೋಸ್ ಗೊತ್ತಿರಲಿಲ್ಲ.

ಹುಟ್ಟಿದ್ದು 1887ರ ಜನವರಿ 30ರಂದು. ತಂದೆ ಚಂದ್ರಶೇಖರ ಬೋಸ್ ಬಿಹಾರದ ದರ್ಭಾಂಗಾ ಮಹಾರಾಜರ ಬಳಿ ದಿವಾನರಾಗಿದ್ದರು. ಮನೆಯಲ್ಲಿ ಗಿರೀಂದ್ರನೇ ಕಿರಿಯ ಮಗ. ಅಣ್ಣಂದಿರಲ್ಲಿ ಒಬ್ಬರು ರಾಜಶೇಖರ ಬೋಸ್. ಇವರ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದ್ರೆ ಇವರಿಲ್ಲದೆ ತಮ್ಮನ ಕಥೆ ಮುಂದೆ ಹೋಗಲ್ಲ. ರಾಜಶೇಖರರು ಕೆಮಿಸ್ಟ್, ಪ್ರಫುಲ್ಲಚಂದ್ರ ರಾಯ್ ಕಟ್ಟಿದ ಬೆಂಗಾಲ್ ಕೆಮಿಕಲ್ಸ್ ಕಾರ್ಖಾನೆಯನ್ನ ನಡೆಸಿದವರು. ಅದರ ಜೊತೆಗೇ ಪರಶುರಾಮ ಅನ್ನೋ ಹೆಸರಿನಲ್ಲಿ ಬಂಗಾಳಿಯಲ್ಲಿ ಹಾಸ್ಯಕಥೆ ಬರೆದು ಭಾರೀ ಹೆಸರು ಮಾಡಿದವರು, ನಿಘಂಟು ಕೂಡ ಮಾಡಿದವರು. ಹಗಲು ಫ್ಯಾಕ್ಟರಿ, ರಾತ್ರಿ ಸಾಹಿತ್ಯ. ನಮ್ಮ ಕ್ಲಬ್‌ಗೆ ಇಂಥವರೇ ಬೇಕಾಗಿರೋದು.

ಗಿರೀಂದ್ರ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿಜ್ಞಾನ ಓದಿ ಆಮೇಲೆ ಮೆಡಿಕಲ್ ಕಾಲೇಜು ಸೇರಿದರು. ಓದೋ ಕಾಲದಲ್ಲೇ ಎರಡು ಹುಚ್ಚು ಹತ್ತಿದ್ದವು. ಒಂದು ಜಾದೂ, ಇನ್ನೊಂದು ಹಿಪ್ನಾಟಿಸಂ. ಸ್ಟೇಜ್ ಮೇಲೆ ನಿಂತು ಮ್ಯಾಜಿಕ್ ಮಾಡೋದು ಬರ್ತಿತ್ತು. ಪತಂಜಲಿಯ ಯೋಗಸೂತ್ರ ಓದೋ ಅಭ್ಯಾಸವೂ ಇತ್ತು. ಇದೆಲ್ಲಾ ಸೇರಿ ಮನುಷ್ಯನ ಮನಸ್ಸು ಎಷ್ಟು ಸುಲಭವಾಗಿ ಮೋಸ ಹೋಗುತ್ತೆ, ಎಷ್ಟನ್ನ ತನ್ನಿಂದ ತಾನೇ ಮುಚ್ಚಿಟ್ಟುಕೊಳ್ಳುತ್ತೆ ಅನ್ನೋ ಕುತೂಹಲ ಬೆಳೆದಿರಬೇಕು ಅಂತ ನಮ್ಮ ಊಹೆ.

1910ರಲ್ಲಿ ಎಂ.ಬಿ. ಡಿಗ್ರಿ ಬಂತು. ಅವರು ಮಾಡಿದ್ದು ಬಹಳ ಸಾಮಾನ್ಯವಾದ ಕೆಲಸ: ಜ್ವರ, ಕೆಮ್ಮು, ಹೊಟ್ಟೆನೋವು ನೋಡೋ ಜನರಲ್ ಪ್ರಾಕ್ಟೀಸ್ ಶುರು ಮಾಡಿದ್ರು. ಈ ಭಾಗವನ್ನ ನಾವು ಎರಡು ಸಲ ಓದಿದೆವು. ಮನಸ್ಸಿನ ಡಾಕ್ಟರ್ ಅಂತ ಬೋರ್ಡ್ ಹಾಕಿ ಕೂತಿದ್ರೆ ಬಹುಶಃ ನೊಣ ಹೊಡೀಬೇಕಾಗಿತ್ತು. ಇವರ ಬಾಗಿಲಿಗೆ ಜನ ಜ್ವರ ಅಂತ ಬರ್ತಿದ್ರು, ಅದರಲ್ಲಿ ಕೆಲವರಿಗೆ ಜ್ವರಕ್ಕಿಂತ ಬೇರೆ ಏನೋ ಕಾಡ್ತಾ ಇರೋದು. ನಿದ್ದೆ ಬರದವರು, ಕಾರಣ ಇಲ್ಲದೆ ಹೆದರೋರು, ಪದೇ ಪದೇ ಕೈ ತೊಳೆಯೋರು. ಅಂಥವರನ್ನ ಮೊದಲು ಹಿಪ್ನಾಟಿಸಂನಿಂದ, ಆಮೇಲೆ ಸುಮ್ಮನೆ ಮಾತಾಡಿಸಿ, ನೆನಪುಗಳನ್ನ ಹೊರಗೆ ತರಿಸಿ ನೋಡೋಕೆ ಶುರು ಮಾಡಿದ್ರು. ಡಾಕ್ಟರ ಮನೆಗೆ ಯಾಕೆ ಹೋಗಿದ್ದೆ ಅಂತ ಯಾರಾದ್ರೂ ಕೇಳಿದ್ರೆ ರೋಗಿಗೆ ಒಂದು ಉತ್ತರ ರೆಡಿ ಇತ್ತಲ್ಲ! ಮಾಗಡಿಯ ಅಮ್ಮನ ಪ್ರಶ್ನೆಗೆ ಇದೇ ಒಂದು ಉತ್ತರ ಅಂತ ನಮಗೆ ಅನ್ನಿಸ್ತು.

ಅದೇ ಕಾಲದಲ್ಲಿ ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡ್ ಇದೇ ದಾರಿಯಲ್ಲಿ ಬಹಳ ಮುಂದೆ ಹೋಗಿದ್ದ. ಅವನೂ 1886ರಲ್ಲಿ ನರರೋಗದ ಡಾಕ್ಟರ್ ಅಂತಲೇ ಪ್ರೈವೇಟ್ ಪ್ರಾಕ್ಟೀಸ್ ತೆಗೆದವನು, ಅವನೂ ಹಿಪ್ನಾಟಿಸಂನಿಂದ ಶುರು ಮಾಡಿ ಅದನ್ನ ಬಿಟ್ಟವನು. ಆದ್ರೆ ಫ್ರಾಯ್ಡ್‌ನ ಪುಸ್ತಕಗಳೆಲ್ಲಾ ಜರ್ಮನ್‌ನಲ್ಲಿ. ಇಂಗ್ಲಿಷ್ ಅನುವಾದ ಆಗ ತಾನೇ ಬರೋಕೆ ಶುರುವಾಗಿತ್ತು, ಕಲ್ಕತ್ತಕ್ಕೆ ಬಂದು ಮುಟ್ಟೋದು ಇನ್ನೂ ತಡ. ಹಾಗಾಗಿ ಬೋಸ್ ಒಂದಷ್ಟು ವಿಷಯ ತಾವೇ ಕಂಡುಹಿಡಿದೆವು ಅಂದುಕೊಂಡಿದ್ರು. ಆಮೇಲೆ ಅನುವಾದ ಕೈಗೆ ಸಿಕ್ಕಿದಾಗ, ಇದನ್ನೆಲ್ಲಾ ಇನ್ನೊಬ್ಬರು ಆಗಲೇ ಬರೆದಿದ್ದಾರೆ ಅಂತ ಗೊತ್ತಾಯ್ತು. ಇಂಥಾ ಹೊತ್ತಿನಲ್ಲಿ ಬೇರೆಯವರಾಗಿದ್ರೆ ಬೇಜಾರು ಮಾಡ್ಕೊಂಡು ಬಿಟ್ಟುಬಿಡ್ತಿದ್ರು. ಬೋಸ್ ಅದನ್ನ ತಮ್ಮ ಪುಸ್ತಕದಲ್ಲಿ ನೇರವಾಗಿ ಒಪ್ಪಿಕೊಂಡು ಮುಂದಕ್ಕೆ ಹೋದ್ರು.

ಇವರು ಮತ್ತೆ ಕಾಲೇಜಿಗೆ ಹೋದದ್ದು ನಮಗೆ ಇನ್ನೂ ಇಷ್ಟ ಆಯ್ತು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿಗೆ ಪ್ರತ್ಯೇಕ ವಿಭಾಗ ಆಗ ಹೊಸದಾಗಿ ತೆರೆದಿತ್ತು, ಹಾರ್ವರ್ಡ್‌ನಲ್ಲಿ ಓದಿ ಬಂದ ನರೇಂದ್ರನಾಥ ಸೇನ್‌ಗುಪ್ತ ಅದರ ಮುಖ್ಯಸ್ಥರು. ಕೈತುಂಬಾ ರೋಗಿಗಳಿದ್ದ ಡಾಕ್ಟರ್ ಹೋಗಿ ವಿದ್ಯಾರ್ಥಿಗಳ ಜೊತೆ ಬೆಂಚಿನಲ್ಲಿ ಕೂತು 1917ರಲ್ಲಿ ಎಂ.ಎಸ್ಸಿ. ಮಾಡಿಕೊಂಡರು. ಕೂಡಲೇ ಅಲ್ಲೇ ಪಾಠ ಮಾಡೋಕೂ ಶುರು. 1921ರಲ್ಲಿ ಡಿ.ಎಸ್ಸಿ. ಬಂತು. ಮನಸ್ಸು ತನಗೆ ಬೇಡದ ಆಸೆಗಳನ್ನ ಹೇಗೆ ಒಳಗೆ ಅದುಮಿಡುತ್ತೆ ಅನ್ನೋದು ಥೀಸಿಸ್‌ನ ವಿಷಯ. ಭಾರತದಲ್ಲಿ ಸೈಕಾಲಜಿಗೆ ಬಂದ ಮೊದಲ ಡಾಕ್ಟರೇಟ್ ಅದು.

ಆ ಪುಸ್ತಕದ ಒಂದು ಪ್ರತಿಯನ್ನ ಫ್ರಾಯ್ಡ್‌ಗೆ ಪೋಸ್ಟ್ ಮಾಡಿದ್ರು. ಇಷ್ಟು ದೂರದ ದೇಶದಲ್ಲಿ ತನ್ನ ವಿಷಯವನ್ನ ಒಬ್ಬರು ಇಷ್ಟು ಗಂಭೀರವಾಗಿ ತಗೊಂಡಿದ್ದಾರೆ ಅಂತ ಫ್ರಾಯ್ಡ್‌ಗೆ ಆಶ್ಚರ್ಯ, ಖುಷಿ ಎರಡೂ ಆಯ್ತು. ಅಲ್ಲಿಂದ 1937ರವರೆಗೆ ಇಬ್ಬರ ನಡುವೆ ಪತ್ರ ನಡೀತು. ಮುಖಾಮುಖಿ ಮಾತ್ರ ಒಂದು ಸಲವೂ ಆಗಲಿಲ್ಲ. ಇಲ್ಲೊಂದು ತಮಾಷೆ ಇದೆ. ಬೋಸರ ಗೆಳೆಯ, ಚಿತ್ರಕಾರ ಜತೀಂದ್ರಕುಮಾರ ಸೇನ್ ಫ್ರಾಯ್ಡ್‌ನನ್ನ ಫೋಟೋದಲ್ಲೂ ನೋಡದೆ, ಇಂಥಾ ಪುಸ್ತಕ ಬರೆದವನು ಹೀಗಿರಬೇಕು ಅಂತ ಊಹಿಸಿ ಒಂದು ಚಿತ್ರ ಬರೆದರು. ಅದನ್ನ ವಿಯೆನ್ನಾಗೆ ಕಳಿಸಿದ್ರು. ತನ್ನನ್ನ ಪಕ್ಕಾ ಇಂಗ್ಲಿಷ್‌ನವನ ಥರ ಮಾಡಿಬಿಟ್ಟಿದ್ದಾರೆ ಅಂತ ಫ್ರಾಯ್ಡ್ ಗೆಳತಿಯೊಬ್ಬರಿಗೆ ಬರೆದು ನಕ್ಕನಂತೆ.

1922ರ ಜನವರಿಯಲ್ಲಿ ಕಲ್ಕತ್ತದ 14, ಪಾರ್ಸಿ ಬಾಗಾನ್ ಓಣಿಯ ಬೋಸ್ ಮನೆಯಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಶುರುವಾಯ್ತು. ಮೊದಲ ಸದಸ್ಯರು 15 ಜನ, ಅದರಲ್ಲಿ ಡಾಕ್ಟರ್‌ಗಳಿಗಿಂತ ಸೈಕಾಲಜಿ, ಫಿಲಾಸಫಿ ಮೇಷ್ಟ್ರುಗಳೇ ಜಾಸ್ತಿ. ಅದೇ ವರ್ಷ ಫ್ರಾಯ್ಡ್‌ನ ಅಂತರರಾಷ್ಟ್ರೀಯ ಸಂಘದ ಮಾನ್ಯತೆಯೂ ಸಿಕ್ತು. ಆ ಮನೆ ಬರೀ ಕ್ಲಿನಿಕ್ಕು, ಆಫೀಸು ಅಲ್ಲ. ಅಣ್ಣ ತಮ್ಮಂದಿರು, ಅವರ ಸ್ನೇಹಿತರು ಸೇರಿ ಹರಟೆ ಹೊಡೆಯೋ ಒಂದು ಕೂಟ ಅಲ್ಲಿ ನಡೀತಿತ್ತು, ಉತ್ಕೇಂದ್ರ ಸಮಿತಿ ಅಂತ ಅದರ ಹೆಸರು. ಉತ್ಕೇಂದ್ರ ಅಂದ್ರೆ ಕೇಂದ್ರದಿಂದ ಆಚೆ ಹೋದದ್ದು, ಎಕ್ಸೆಂಟ್ರಿಕ್. ಕ್ಯಾಮ್ ಶಾಫ್ಟ್ ಓದಿದವರಿಗೆ ಈ ಹೆಸರಿನ ಮಜಾ ಬೇಗ ಗೊತ್ತಾಗುತ್ತೆ.

ಪ್ರಾಕ್ಟೀಸ್ ಹೇಗೆ ನಡೀತಿತ್ತು ಅನ್ನೋದಕ್ಕೆ ಬರೋಣ. ವಿಯೆನ್ನಾದಲ್ಲಿ ರೋಗಿ ಮಂಚದಂಥ ಸೋಫಾ ಮೇಲೆ ಮಲಗ್ತಿದ್ದ, ಫ್ರಾಯ್ಡ್ ತಲೆಯ ಹಿಂದೆ ಕಾಣದ ಹಾಗೆ ಕೂರ್ತಿದ್ದ. ಕಲ್ಕತ್ತದಲ್ಲಿ ಬೋಸ್ ಕ್ಯಾನ್ವಾಸ್ ಬಟ್ಟೆಯ ಒರಗು ಕುರ್ಚಿ ಹಾಕಿದ್ರು. ನಮ್ಮ ಮನೆ ಜಗಲಿ ಮೇಲೆ ತಾತಂದಿರು ಒರಗಿಕೊಳ್ಳೋ ಈಸಿಚೇರ್ ಇದೆಯಲ್ಲ, ಆ ಜಾತಿಯದ್ದು. ಸುಮ್ಮನೆ ಕೂತು ಕೇಳೋದೇ ಫ್ರಾಯ್ಡ್‌ನ ಕ್ರಮ. ಬೋಸ್ ಅದಕ್ಕಿಂತ ಜಾಸ್ತಿ ಕೈಹಾಕ್ತಿದ್ರು, ದಾರಿ ತೋರಿಸ್ತಿದ್ರು. ಒಬ್ಬ ಗುರು ಶಿಷ್ಯನ ಜೊತೆ ಕೂತ ಹಾಗೆ ಇತ್ತು ಅಂತ ಅವರ ಬಗ್ಗೆ ಆಮೇಲೆ ಬರೆದ ವಿದ್ವಾಂಸರು ಹೇಳ್ತಾರೆ. ಇದು ಒಳ್ಳೇದಾ ಕೆಟ್ಟದಾ ಅಂತ ಇವತ್ತಿಗೂ ಚರ್ಚೆ ಇದೆ. ನಮ್ಮ ಕಡೆ ಜನ ಡಾಕ್ಟರ ಹತ್ತಿರ ಹೋಗೋದೇ ಏನಾದ್ರೂ ಹೇಳ್ಲಿ ಅಂತ. ಅವರು ಒಂದು ಗಂಟೆ ಬಾಯೇ ಬಿಡದೆ ಕೂತ್ರೆ ಎರಡನೇ ಸಲ ಯಾರೂ ಹೋಗಲ್ಲ. ಬೋಸರಿಗೆ ಇದು ಗೊತ್ತಿತ್ತು ಅಂತ ಕಾಣುತ್ತೆ.

ಅವರದ್ದೇ ಒಂದು ಸಿದ್ಧಾಂತವೂ ಇತ್ತು. ಮನಸ್ಸಿನಲ್ಲಿ ಪ್ರತಿ ಆಸೆಗೂ ಅದಕ್ಕೆ ಎದುರಾದ ಆಸೆ ಜೋಡಿಯಾಗಿ ಇರುತ್ತೆ, ಒಂದು ಮೇಲೆ ಬಂದಾಗ ಇನ್ನೊಂದು ಕೆಳಗೆ ಅದುಮಿಕೊಂಡಿರುತ್ತೆ ಅಂತ. ಏತದ ಹಾಗೆ, ಇಲ್ಲಾ ಪಾರ್ಕಿನ ಸೀಸಾ ಹಾಗೆ ಅಂದುಕೊಳ್ಳಿ. ಅವರ ಚಿಕಿತ್ಸೆಯೂ ಹಾಗೇ, ರೋಗಿಯನ್ನ ಎದುರು ತುದಿಯಲ್ಲಿ ಕೂತ ಹಾಗೆ ಕಲ್ಪಿಸಿಕೊಳ್ಳೋಕೆ ಹೇಳೋದು. ನಮಗೆ ತಿಳಿದ ಹಾಗೆ ಒಂದು ಉದಾಹರಣೆ ಮಾಡ್ಕೊಂಡಿದ್ದೀವಿ. ವೈವಾದಲ್ಲಿ ಎಲ್ಲರ ಮುಂದೆ ಬೈದ ಎಕ್ಸಾಮಿನರ್ ಮೇಲೆ ಒಬ್ಬನಿಗೆ ವರ್ಷಗಟ್ಟಲೆ ಸಿಟ್ಟು, ರಾತ್ರಿ ನಿದ್ದೆ ಇಲ್ಲ. ಅವನನ್ನ ಎಕ್ಸಾಮಿನರ್ ಕುರ್ಚಿಯಲ್ಲಿ ಕೂತು ಬೈಯೋ ಹಾಗೆ ಕಲ್ಪಿಸಿಕೋ ಅಂದಾಗ ಒಳಗೆ ಏನೇನು ಏಳುತ್ತೆ? ಬೈಸಿಕೊಂಡವನಿಗೆ ಬೈಯೋ ಆಸೆಯೂ ಇತ್ತು ಅನ್ನೋದು ಅವನಿಗೇ ಗೊತ್ತಾದಾಗ ಏತ ನಿಧಾನವಾಗಿ ಸಮಕ್ಕೆ ಬರುತ್ತೆ ಅಂತ ಬೋಸ್ ನಂಬಿದ್ರು. 1929ರಲ್ಲಿ ತಮ್ಮ ಲೇಖನಗಳ ಕಟ್ಟನ್ನೇ ಫ್ರಾಯ್ಡ್‌ಗೆ ಕಳಿಸಿದ್ರು. ಯುರೋಪಿನ ರೋಗಿಗಳಲ್ಲಿ ಕಾಣೋ ಕೆಲವು ಭಯಗಳು ಇಲ್ಲಿನವರಲ್ಲಿ ಅದೇ ರೂಪದಲ್ಲಿ ಕಾಣಲ್ಲ ಅಂತಲೂ ವಾದ ಮಾಡಿದ್ರು. ಫ್ರಾಯ್ಡ್ ಮರ್ಯಾದೆಯಿಂದ ಓದಿದ, ಪೂರ್ತಿ ಒಪ್ಪಲಿಲ್ಲ. ಬೋಸರೂ ಬಿಡಲಿಲ್ಲ. ಬ್ರಿಟಿಷರ ಕಾಲದಲ್ಲಿ, ಆ ವಿಷಯ ಹುಟ್ಟುಹಾಕಿದವನಿಗೇ ನಿಮ್ಮ ಲೆಕ್ಕ ನಮ್ಮೂರಿಗೆ ಪೂರ್ತಿ ಹೊಂದಲ್ಲ ಅಂತ ಹೇಳೋದು ಸಣ್ಣ ಮಾತಲ್ಲ.

ಬ್ರಿಟಿಷರು ಅಂದಾಗ ನೆನಪಾಯ್ತು. ಮೊದಲ ಸದಸ್ಯರಲ್ಲಿ ರಾಂಚಿಯ ಯುರೋಪಿಯನ್ ಮಾನಸಿಕ ಆಸ್ಪತ್ರೆಯ ಬರ್ಕ್ಲೀ-ಹಿಲ್ ಕೂಡ ಇದ್ದ. ಹಿಂದೂಗಳ ಸ್ವಭಾವವನ್ನೇ ಒಂದು ಕಾಯಿಲೆ ಥರ ಕೀಳಾಗಿ ಬರೆದ ಲೇಖನ ಅವನದ್ದು. ಅಂಥವನನ್ನೂ ಜೊತೆಗೆ ಇಟ್ಟುಕೊಂಡೇ ಬೋಸ್ ಸಂಘ ನಡೆಸಿದ್ರು. ಯಾಕೆ ಸಹಿಸಿಕೊಂಡ್ರು ಅಂತ ನಮಗೆ ಸಿಟ್ಟು ಬಂತು, ಇರಲಿ.

ಅವರಿಗೆ ಕಲಿಸಿದವರು ಯಾರು ಅನ್ನೋದು ಇನ್ನೊಂದು ವಿಷಯ. ಬೇರೆಯವರ ಮನಸ್ಸಿಗೆ ಕೈ ಹಾಕೋ ಮೊದಲು ತನ್ನ ಮನಸ್ಸನ್ನ ಇನ್ನೊಬ್ಬ ಅನುಭವಿಯ ಮುಂದೆ ತೆರೆದಿಟ್ಟಿರಬೇಕು ಅನ್ನೋದು ಈ ವಿದ್ಯೆಯ ನಿಯಮ. ಬೋಸರಿಗೆ ಇಲ್ಲಿ ಅಂಥ ಹಿರಿಯರು ಯಾರೂ ಇರಲಿಲ್ಲ. ಫ್ರಾಯ್ಡ್ ಹಾಗೆ ತಮ್ಮನ್ನ ತಾವೇ ವಿಶ್ಲೇಷಣೆ ಮಾಡಿಕೊಂಡ್ರು. ಆಮೇಲೆ ಬಂದವರು ಬೋಸರ ಕುರ್ಚಿಯಲ್ಲೇ ಕೂತು ಕಲಿತರು. ಹಾಗಾಗಿ ಕಲ್ಕತ್ತದ ಈ ಗುಂಪಿಗೆ ಅವರೇ ಮೇಷ್ಟ್ರು, ಅವರೇ ಡಾಕ್ಟರು, ಅವರೇ ಅಧ್ಯಕ್ಷರು. ಸಾಯೋವರೆಗೂ ಅಧ್ಯಕ್ಷರು ಅವರೇ. ಇದರಲ್ಲಿ ಒಂದು ಅಪಾಯವೂ ಇದೆ. ನಿಮ್ಮ ಲೆಕ್ಕ ತಪ್ಪು ಅಂತ ಅವರಿಗೆ ಹೇಳೋರು ಆ ಓಣಿಯಲ್ಲಿ ಎಷ್ಟು ಜನ ಇದ್ದಿರಬಹುದು?

ದುಡ್ಡಿನ ವಿಷಯ. ವಾರಕ್ಕೆ ಐದಾರು ದಿನ, ತಿಂಗಳುಗಟ್ಟಲೆ ಬರಬೇಕಾದ ಚಿಕಿತ್ಸೆ ಇದು. ಬಡವರಿಗೆ ಆಗೋ ಮಾತಲ್ಲ. ಬೋಸರ ಪ್ರಾಕ್ಟೀಸ್ ಕಲ್ಕತ್ತದಲ್ಲಿ ಚೆನ್ನಾಗೇ ನಡೀತು, ಆದರೆ ಅವರ ಮನೆಗೆ ಬರೋರು ಓದಿದವರು, ಅನುಕೂಲಸ್ಥರು. ಇದನ್ನ ಮೀರೋಕೆ ಅವರು ಎರಡು ಕೆಲಸ ಮಾಡಿದ್ರು. 1933ರಲ್ಲಿ ಕಾರ್ಮೈಕಲ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ, ಅಂದ್ರೆ ಇವತ್ತಿನ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ಮನಸ್ಸಿನ ಕಾಯಿಲೆಗೆ ಹೊರರೋಗಿ ವಿಭಾಗ ತೆಗೆದರು. ಸಾಮಾನ್ಯ ಆಸ್ಪತ್ರೆಯೊಳಗೆ ಇಂಥದ್ದು ದೇಶದಲ್ಲೇ ಮೊದಲು. ಕಣ್ಣಿನ ಚೀಟಿ, ಕಿವಿ ಚೀಟಿ ಜೊತೆ ಮನಸ್ಸಿನ ಚೀಟಿಗೂ ಅದೇ ಕ್ಯೂ. 1940ರಲ್ಲಿ ಅಣ್ಣ ರಾಜಶೇಖರರು ಕೊಟ್ಟ ಜಾಗದಲ್ಲಿ ಲುಂಬಿನಿ ಪಾರ್ಕ್ ಅನ್ನೋ ಮಾನಸಿಕ ಆಸ್ಪತ್ರೆ ಶುರುವಾಯ್ತು. ಸಂಪಾದಿಸೋ ಅಣ್ಣ, ಸ್ವಂತ ಮನೆ, ಯೂನಿವರ್ಸಿಟಿ ಸಂಬಳ ಮೂರೂ ಇದ್ದದ್ದಕ್ಕೇ ಇದೆಲ್ಲಾ ಸಾಧ್ಯ ಆಯ್ತು. ಬರೀ ಪ್ರತಿಭೆಯಿಂದ ಆಯ್ತು ಅಂತ ಬರೆದ್ರೆ ನಾವು ಸುಳ್ಳು ಹೇಳಿದ ಹಾಗೆ.

ಸೋಲೂ ಇದೆ. 1942ರಲ್ಲಿ ಬಂಗಾಳದ ದೊಡ್ಡ ಕವಿ ಕಾಜಿ ನಜ್ರುಲ್ ಇಸ್ಲಾಂ ಇದ್ದಕ್ಕಿದ್ದ ಹಾಗೆ ಮಾತು ಕಳ್ಕೊಳ್ಳೋಕೆ, ನೆನಪು ಕಳ್ಕೊಳ್ಳೋಕೆ ಶುರು ಮಾಡಿದ್ರು. ಅವರನ್ನ ಲುಂಬಿನಿ ಪಾರ್ಕಿಗೆ ಸೇರಿಸಿದ್ರು. ಬೋಸರ ಕೈಯಲ್ಲಿ ಕೆಲವು ತಿಂಗಳು ಇದ್ದರೂ ಗುಣ ಆಗಲಿಲ್ಲ. 1953ರ ಕೊನೆಗೆ, ಅಷ್ಟರಲ್ಲಿ ಬೋಸ್ ತೀರಿಹೋಗಿದ್ರು, ನಜ್ರುಲ್ ಅವರನ್ನ ಫ್ರಾಯ್ಡ್‌ನ ಊರಾದ ವಿಯೆನ್ನಾಗೇ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರ್‌ಗಳು ಇದು ಮಿದುಳೇ ಸವೆದು ಹೋಗೋ ಪಿಕ್ಸ್ ಕಾಯಿಲೆ, ವಾಸಿ ಆಗಲ್ಲ ಅಂದ್ರು. ಮಾತಿನಿಂದ ಬಿಡಿಸೋ ಗಂಟು ಅದಾಗಿರಲೇ ಇಲ್ಲ. ಯಾವುದು ತನ್ನ ಕೆಲಸ, ಯಾವುದು ಇನ್ನೊಬ್ಬ ಡಾಕ್ಟರ್‌ಗೆ ಕಳಿಸಬೇಕಾದ್ದು ಅಂತ ಗುರುತಿಸೋದು ಆ ಕಾಲದಲ್ಲಿ ಎಷ್ಟು ಕಷ್ಟ ಇತ್ತು ಅನ್ನೋದಕ್ಕೆ ಇದಕ್ಕಿಂತ ದುಃಖದ ಉದಾಹರಣೆ ನಮಗೆ ಸಿಗಲಿಲ್ಲ. ಇವತ್ತು ನಿಯಮಗಳಿವೆ. ಆಪ್ತಸಮಾಲೋಚಕರು ಮಾತ್ರೆ ಬರೆಯೋ ಹಾಗಿಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕೋಕೆ ಆರ್.ಸಿ.ಐ. ನೋಂದಣಿ ಬೇಕು. ಮಾಗಡಿಯ ಅಕ್ಕನ ಡೈರಿಯ ಮೊದಲ ಪುಟದಲ್ಲೇ ಮನೋವೈದ್ಯರ, ನರರೋಗದ ಡಾಕ್ಟರ್‌ಗಳ ನಂಬರ್ ಇವೆಯಂತೆ.

ಬೋಸ್ ಬಂಗಾಳಿಯಲ್ಲಿ ಧಾರಾಳವಾಗಿ ಬರೆದರು. ಕನಸಿನ ಬಗ್ಗೆ ಒಂದು ಪುಸ್ತಕ, ಪುರಾಣಗಳ ಬಗ್ಗೆ ಒಂದು, ಮಕ್ಕಳಿಗೆ ಒಂದು ಕಥೆ ಪುಸ್ತಕ. ರೋಗಿ ಕನಸು ಕಾಣೋದು ತಾಯ್ನುಡಿಯಲ್ಲಿ, ಅದನ್ನ ಕೇಳೋ ಡಾಕ್ಟರ್‌ಗೆ ಇಂಗ್ಲಿಷ್ ಪದ ಮಾತ್ರ ಗೊತ್ತಿದ್ರೆ ಹೇಗೆ? ಎಲ್.ಕೆ.ಜಿ.ಯಿಂದ ಇಂಗ್ಲಿಷ್ ಮೀಡಿಯಂ ಓದಿದ ನಮಗೇ ಸಂಕಟ, ಹೊಟ್ಟೆಯಲ್ಲಿ ಕಸಿವಿಸಿ, ಎದೆ ಧಸಕ್ ಅನ್ನೋದು ಇವಕ್ಕೆಲ್ಲಾ ಇಂಗ್ಲಿಷ್ ಹುಡುಕಿದ್ರೂ ಸಿಗಲ್ಲ. ಕನ್ನಡದಲ್ಲಿ ಈ ಕೆಲಸ ಮಾಡಿದವರು ಬೆಂಗಳೂರಿನ ಡಾ. ಎಂ. ಶಿವರಾಂ, ನಮಗೆಲ್ಲಾ ರಾಶಿ. ಅವರೂ ಸ್ವಂತ ಪ್ರಾಕ್ಟೀಸ್ ಮಾಡ್ತಿದ್ದ ಡಾಕ್ಟರೇ. 1942ರಲ್ಲಿ ಕೊರವಂಜಿ ಹಾಸ್ಯಪತ್ರಿಕೆ ಶುರು ಮಾಡಿ ಕನ್ನಡಿಗರನ್ನ 25 ವರ್ಷ ನಗಿಸಿದ್ರು, ಆಮೇಲೆ ಮನಸ್ಸಿನ ಬಗ್ಗೆ ಬರೆದ ಮನಮಂಥನಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡ್ರು. ಬಂಗಾಳದಲ್ಲಿ ಅಣ್ಣ ಹಾಸ್ಯ, ತಮ್ಮ ಮನಸ್ಸು ಅಂತ ಹಂಚಿಕೊಂಡಿದ್ದನ್ನ ನಮ್ಮಲ್ಲಿ ಒಬ್ಬರೇ ಮಾಡಿದ್ರು.

ಬೋಸರ ಕಲ್ಕತ್ತಕ್ಕೂ ನಮ್ಮ ನಾಡಿಗೂ ಇನ್ನೊಂದು ಕೊಂಡಿ ಸಿಕ್ತು. ಕಲ್ಕತ್ತದಲ್ಲಿ ಸೈಕಾಲಜಿ ಪಾಠಕ್ಕೆ ಬುನಾದಿ ಹಾಕಿದವರಲ್ಲಿ ಬ್ರಜೇಂದ್ರನಾಥ ಸೀಲ್ ಒಬ್ಬರು. ಅವರೇ 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿ. 1924ರಲ್ಲಿ ಮೈಸೂರಿನಲ್ಲೂ ಸೈಕಾಲಜಿ ವಿಭಾಗ ಬಂತು, ಅದನ್ನ ನಡೆಸಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು ಆಕಾಶವಾಣಿ ಅಂತ ರೇಡಿಯೋ ಸ್ಟೇಷನ್ ಶುರು ಮಾಡಿದ ಅದೇ ಗೋಪಾಲಸ್ವಾಮಿ. ಆ ಕಡೆ ಬೆಂಗಳೂರಿನಲ್ಲಿ ಸರ್ಕಾರದ ಮಾನಸಿಕ ಆಸ್ಪತ್ರೆ ಇತ್ತು, ಬೋಸ್ ತೀರಿದ ಮರುವರ್ಷ, 1954ರಲ್ಲಿ, ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಈಗಿನ ನಿಮ್ಹಾನ್ಸ್ ಬೆಳೆದದ್ದು ಅದರಿಂದಲೇ. ಮೈಸೂರಿನ ಲ್ಯಾಬ್‌ಗೂ ಬೆಂಗಳೂರಿನ ಆಸ್ಪತ್ರೆಗೂ ನಡುವೆ ಓಡೋ ರೈಲು ಚನ್ನಪಟ್ಟಣದಲ್ಲಿ, ಆಗಿನ ಕ್ಲೋಸ್‌ಪೇಟೆಯಲ್ಲಿ, ಅಂದ್ರೆ ನಮ್ಮ ರಾಮನಗರದಲ್ಲಿ ನಿಲ್ತಿತ್ತು. ಮಾಗಡಿ, ಕನಕಪುರಕ್ಕೆ ರೈಲೂ ಇಲ್ಲ. ಈಗಲೂ ಮನೆಯಲ್ಲಿ ಯಾರಿಗಾದ್ರೂ ಮನಸ್ಸು ಕೆಟ್ಟರೆ ಬೆಳಿಗ್ಗೆ ಮೊದಲ ಬಸ್ ಹಿಡಿದು ನಿಮ್ಹಾನ್ಸ್ ಕ್ಯೂಗೆ ಹೋಗೋದೇ ನಮ್ಮ ಕಡೆ ರೂಢಿ. ಅಷ್ಟು ದೂರ ಆಗದವರಿಗೆ 14416 ಅನ್ನೋ ಟೆಲಿ-ಮಾನಸ್ ಫ್ರೀ ನಂಬರ್ ಇದೆ, ಕನ್ನಡದಲ್ಲೇ ಮಾತಾಡ್ತಾರೆ, ಹಾಸ್ಟೆಲ್‌ನವರು ಸೇವ್ ಮಾಡಿಟ್ಕೊಳ್ಳಿ.

1931ರಲ್ಲಿ ಫ್ರಾಯ್ಡ್‌ಗೆ 75 ತುಂಬಿದಾಗ ಕಲ್ಕತ್ತದ ಸಂಘ ತಿರುವಾಂಕೂರಿನಲ್ಲಿ ಕೆತ್ತಿಸಿದ ದಂತದ ವಿಷ್ಣು ವಿಗ್ರಹ ಕಳಿಸಿತು. ಫ್ರಾಯ್ಡ್ ಅದನ್ನ ತನ್ನ ಮೇಜಿನ ಮೇಲೇ ಇಟ್ಟುಕೊಂಡ. ಸ್ವಲ್ಪ ದಿನಕ್ಕೆ ಅದರಲ್ಲಿ ಬಿರುಕು ಕಂಡಾಗ, ಕಲ್ಕತ್ತದ ಸೆಕೆಗೆ ಒಗ್ಗಿದ ದೇವರಿಗೆ ವಿಯೆನ್ನಾದ ಹವಾ ತಡೆಯಲಿಲ್ಲವೇನೋ ಅಂತ ಡೈರಿಯಲ್ಲಿ ಬರೆದುಕೊಂಡ. ನಾಜಿಗಳಿಂದ ತಪ್ಪಿಸಿಕೊಂಡು 1938ರಲ್ಲಿ ಲಂಡನ್‌ಗೆ ಹೋದಾಗ ವಿಗ್ರಹವೂ ಜೊತೆಗೆ ಹೋಯ್ತು, ಈಗಲೂ ಅಲ್ಲಿನ ಫ್ರಾಯ್ಡ್ ಮ್ಯೂಸಿಯಂನಲ್ಲಿದೆ. ಬೋಸ್ ಮಾತ್ರ ಕಲ್ಕತ್ತ ಬಿಟ್ಟು ಹೋಗಲಿಲ್ಲ. 1947ರಲ್ಲಿ ಸಂಘದ ಪತ್ರಿಕೆ ಸಮೀಕ್ಷಾ ಶುರುವಾಯ್ತು, ಚಿಕ್ಕಂದಿನಲ್ಲಿ ಓದಿದ ಯೋಗಸೂತ್ರಕ್ಕೆ ಕೊನೆಗಾಲದಲ್ಲಿ ಮತ್ತೆ ಬಂದು ಅದಕ್ಕೆ ವ್ಯಾಖ್ಯಾನ ಬರೆದರು. 1953ರ ಜೂನ್ 3ರಂದು ತೀರಿಕೊಂಡರು.

ಈ ಲೇಖನ ಕಳಿಸೋ ಹೊತ್ತಿಗೆ ಮಾಗಡಿಯಿಂದ ಸುದ್ದಿ ಬಂತು. ಅಕ್ಕನಿಗೆ ರೂಮ್ ಸಿಕ್ಕಿದೆ, ಕೆಳಗೆ ಮೆಡಿಕಲ್ ಶಾಪ್, ಪಕ್ಕದಲ್ಲಿ ಹಲ್ಲಿನ ಡಾಕ್ಟರು. ಮೆಟ್ಟಿಲು ಮೂವರಿಗೂ ಒಂದೇ. ಬಾಡಿಗೆ ಅಡ್ವಾನ್ಸ್‌ನ ಅವರಪ್ಪನೇ ಕೊಟ್ಟರಂತೆ, ಆರು ತಿಂಗಳು ನೋಡೋಣ ಅಂತ.